ಹ ಅಕ್ಷರದ ಗಿಡಗಳು

ಕಡೇಬಾವಿ
ಉರಿಮಾಸ ಮೂವತ್ತೆಂಟು, ಎರಡು ಸಾವಿರದ ನೂರ ಎಪ್ಪತ್ತೊಂದು

ನಮ್ಮ ಶಾಲೆಯಲ್ಲಿ ಮೊದಲ ಗಿಡ ನೆಡಿಸಿದ ಗುರುಗಳಿಗೆ,

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಉರಿಮಾಸವೆಂಬುದು ವೈಶಾಖ ಮತ್ತು ಜ್ಯೇಷ್ಠದ ನಡುವೆ ನಮ್ಮ ಕಾಲದವರು ಸೇರಿಸಿಕೊಂಡ ತಿಂಗಳು. ಅದಕ್ಕೆ ಇಂತಿಷ್ಟೇ ದಿನ ಎಂಬುದಿಲ್ಲ. ಬಿಸಿಲು ಇಳಿಯುವವರೆಗೆ ಎಣಿಸುತ್ತ ಹೋಗುತ್ತೇವೆ. ಒಂದು ವರ್ಷ ಎಪ್ಪತ್ತನ್ನೂ ದಾಟಿದ್ದೆವು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಶಾಲೆಯ ಕಪಾಟಿನಲ್ಲಿ ಗೆದ್ದಲು ತಿಂದು ಉಳಿದ ಹಳೆಯ ವರದಿಗಳಿಂದ. ಅವುಗಳಲ್ಲಿ ಒಂದು ನಿಮ್ಮದು. ಅದಕ್ಕೆ ಅಂಟಿಸಿದ ಫೋಟೊದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಸಸಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾರೆ. ಕೆಳಗೆ ನಿಮ್ಮ ದುಂಡನೆಯ ಕೈಬರಹವಿದೆ: ‘ಇಂದಿನಿಂದ ಪ್ರತಿ ಮಗುವಿಗೂ ಒಂದು ಗಿಡ. ಅದರ ಹೊಣೆ ಆ ಮಗುವಿನದೇ.’

ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಒಳ್ಳೆಯದೇ ಇತ್ತೆಂದು ನಂಬುತ್ತೇನೆ. ಆದರೆ ಆ ವಾಕ್ಯ ನನ್ನ ಬಾಲ್ಯಕ್ಕೆ ಬಂದು ಮುಟ್ಟುವಷ್ಟರಲ್ಲಿ ಕಾಯಿದೆಯಾಗಿತ್ತು.

ನನ್ನ ಹೆಸರು ದಾವಲಬಿ. ವಯಸ್ಸು ಎಪ್ಪತ್ನಾಲ್ಕು. ನೀರಿನ ಕೊಳವೆ ಹೂಳುವ ಕೆಲಸದಲ್ಲಿ ನಲವತ್ತು ವರ್ಷ ಕಳೆದಿದ್ದೇನೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ನಮ್ಮ ಊರಿನಲ್ಲಿ ಮರವೆಂಬುದು ಉಳಿದದ್ದು ಶಾಲೆಯ ಹಿಂದೆ ಮಾತ್ರ. ಐದು ತರಗತಿಗೆ ಐದು ಸಾಲು. ಅದಕ್ಕೆ ನೆರಳುಸಾಲು ಎನ್ನುತ್ತಿದ್ದೆವು. ಊರಿನ ದೊಡ್ಡವರು ಅದರ ಕೆಳಗೆ ಪಾಳಿಯ ಮೇಲೆ ಬಂದು ಕೂರುತ್ತಿದ್ದರು. ಒಂದು ಮನೆಗೆ ವಾರಕ್ಕೆ ಎರಡು ತಾಸು. ಶಾಲೆ ಬೆಳಗಿನ ಐದಕ್ಕೆ ಆರಂಭವಾಗಿ ಹತ್ತಕ್ಕೆ ಮುಗಿಯುತ್ತಿತ್ತು. ಕುತ್ತಿಗೆಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಹೋಗುತ್ತಿದ್ದೆವು. ದಿನಕ್ಕೆ ಒಬ್ಬೊಬ್ಬರಿಗೆ ಎಂಟು ಗುಟುಕು ಕುಡಿಯುವ ನೀರು. ಗುಟುಕು ಎಂದರೆ ನಿಮ್ಮ ಕಾಲು ಲೀಟರು. ಮುಖ, ಪಾತ್ರೆ ತೊಳೆದು ಮಿಕ್ಕದ್ದು ಉಳಿನೀರು. ಅದನ್ನು ಶೀಶೆಯಲ್ಲಿ ತುಂಬಿಕೊಂಡು ಬಂದು ಅವರವರ ಗಿಡಕ್ಕೆ ಹಾಕಬೇಕಿತ್ತು. ಕುಡಿಯುವ ನೀರನ್ನು ಗಿಡಕ್ಕೆ ಹಾಕುವಂತಿರಲಿಲ್ಲ.

ಶಾಲೆಗೆ ಸೇರಿದ ದಿನ ಹಾಜರಿ ಪುಸ್ತಕದ ಕ್ರಮದಲ್ಲೇ ಗಿಡ ಹಂಚುತ್ತಿದ್ದರು. ಸಾಲಿನ ಪೂರ್ವದ ತುದಿಯಲ್ಲಿ ಅ, ಪಶ್ಚಿಮದ ತುದಿಯಲ್ಲಿ ಹ. ನನ್ನ ಗಿಡ ಸಾಲಿನ ಅರ್ಧಕ್ಕಿಂತ ಪೂರ್ವಕ್ಕೆ. ಅದು ಮೂರು ವರ್ಷದಲ್ಲಿ ನನ್ನ ಎರಡರಷ್ಟು ಎತ್ತರವಾಯಿತು. ನಾನು ಅದನ್ನು ನನ್ನ ಒಳ್ಳೆಯ ಗುಣವೆಂದೇ ತಿಳಿದುಕೊಂಡಿದ್ದೆ. ಪಶ್ಚಿಮದ ತುದಿಯಲ್ಲಿ ಮಾತ್ರ ಪ್ರತಿ ವರ್ಷ ಗಿಡಗಳು ಸಾಯುತ್ತಿದ್ದವು. ಸಂಗವ್ವ, ಸೋಮಲಿಂಗ, ಹಸೀನಾ, ಹನುಮವ್ವ. ಈ ಮಕ್ಕಳಿಗೆ ಮೈಗಳ್ಳತನವೆಂದು ಊರು ತೀರ್ಮಾನಿಸಿತ್ತು. ಎಷ್ಟೋ ತಾಯಂದಿರು ಆಗಲೇ ಮಕ್ಕಳಿಗೆ ಸ, ಹ ಎಂದು ಶುರುವಾಗುವ ಹೆಸರಿಡುವುದನ್ನೇ ಬಿಟ್ಟಿದ್ದರು. ಇಂದಿಗೂ ನಮ್ಮ ಊರಿನ ಮಕ್ಕಳಲ್ಲಿ ಮುಕ್ಕಾಲು ಪಾಲಿನ ಹೆಸರು ಅಕಾರದಲ್ಲೇ ಇದೆ.

ನನ್ನ ಗೆಳತಿಯ ತಾಯಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಲಕ್ಷಿಸಲಿಲ್ಲ. ಮಗಳಿಗೆ ಹುಲಿಗೆಮ್ಮ ಎಂದು ಹೆಸರಿಟ್ಟಳು. ತಾಯಿ ಯಮನವ್ವ ಹಳೆ ಬಟ್ಟೆಗಳಿಂದ ಕೌದಿ ಹೊಲಿದು ಬದುಕುವವಳು. ಹುಲಿಗೆಮ್ಮ ನನ್ನ ಓರಗೆಯವಳು. ಸಣ್ಣ ಕೈ, ದೊಡ್ಡ ಧ್ವನಿ. ಲೆಕ್ಕದಲ್ಲಿ ನನಗಿಂತ ಚುರುಕು. ನಾಲ್ಕನೆಯ ತರಗತಿಯಲ್ಲಿ ಇಬ್ಬರೂ ಒಂದೇ ಮಣೆಯ ಮೇಲೆ ಕೂರುತ್ತಿದ್ದೆವು. ಆ ವರ್ಷ ನನ್ನನ್ನು ಎಲೆಗಾತಿಯಾಗಿ ಆರಿಸಿದರು. ಸೋಮವಾರಕ್ಕೊಮ್ಮೆ ಎಲ್ಲರ ಗಿಡದ ಎಲೆ ಎಣಿಸಿ ಮುಖ್ಯೋಪಾಧ್ಯಾಯಿನಿ ಸರ್ವಮಂಗಳಾ ಟೀಚರ್ ಅವರಿಗೆ ಒಪ್ಪಿಸುವುದು ಎಲೆಗಾತಿಯ ಕೆಲಸ. ಎದೆಯ ಮೇಲೆ ಹಸುರು ಬಿಲ್ಲೆ. ಆ ಬಿಲ್ಲೆ ಹಾಕಿಕೊಂಡು ಮಲಗುತ್ತಿದ್ದೆ.

ಹುಲಿಗೆಮ್ಮನ ಹೊಂಗೆ ಗಿಡದಲ್ಲಿ ಮೊದಲ ವಾರ ಮೂವತ್ತೊಂದು ಎಲೆ ಇದ್ದವು. ಎರಡನೆಯ ವಾರ ಹತ್ತೊಂಬತ್ತು. ಮೂರನೆಯ ವಾರ ನಲವತ್ತಾದವು. ನಾನು ಬೆರಗಾಗಿ ಒಂದು ಎಲೆಯನ್ನು ಮುಟ್ಟಿದೆ. ಅದು ಕೈಗೇ ಬಂತು. ತೊಟ್ಟಿಗೆ ಕೌದಿಯ ಕರಿ ದಾರ ಸುತ್ತಿತ್ತು. ಬೇರೆ ಗಿಡಗಳ ಕೆಳಗೆ ಬಿದ್ದ ಹಸಿ ಎಲೆಗಳನ್ನು ಆಯ್ದು, ಒಂದೊಂದನ್ನೂ ಕೊಂಬೆಗೆ ಕಟ್ಟಿದ್ದಳು. ಗಂಟುಗಳು ಕಾಣದಷ್ಟು ಸಣ್ಣವು, ಒಂದೊಂದನ್ನೂ ಮುಟ್ಟಿ ಎಣಿಸಿದೆ.

ಅವಳು ನನ್ನ ಹಿಂದೆಯೇ ನಿಂತಿದ್ದಳು.

“ಹೇಳಬ್ಯಾಡ, ದಾವಲಾ,” ಅಂದಳು. “ಬೇರು ಇನ್ನೂ ಹಸಿ ಐತಿ. ನಾ ಕೆದರಿ ನೋಡೀನಿ. ಕುಡಿಯೂ ನೀರನೂ ಇದಕ್ಕ ಹಾಕಾಕತ್ತೀನಿ. ಇನ್ನೆಂಟ ದಿನ ತಡಿ, ಚಿಗೀತೈತಿ.”

“ಕುಡಿಯೂ ನೀರ ಹಾಕಬಾರದಲ್ಲ?”

“ನಂಗೇನ ಅಷ್ಟ ನೀರಡಿಕಿ ಆಗಂಗಿಲ್ಲ.”

ನಾನು ತಲೆಯಾಡಿಸಿದೆ. ನಂತರ ನೇರವಾಗಿ ಟೀಚರ್ ಕೋಣೆಗೆ ಹೋದೆ. ಯಾರೂ ನನ್ನನ್ನು ಹೆದರಿಸಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ನಿಮಗೆ ಸುಳ್ಳು ಬರೆಯುವುದಿಲ್ಲ: ಹೋಗುವಾಗ ನನಗೆ ಖುಷಿಯಾಗಿತ್ತು. ಎಲೆಗಾತಿಯಾದವಳು ಏನನ್ನಾದರೂ ಕಂಡುಹಿಡಿಯಬೇಕೆಂದು ಕಾಯುತ್ತಿದ್ದೆ, ಕಂಡುಹಿಡಿದಿದ್ದೆ.

“ಎಷ್ಟ ಎಲಿ ಕಟ್ಟ್ಯಾಳ?” ಎಂದು ಟೀಚರ್ ಕೇಳಿದರು.

“ಇಪ್ಪತ್ತೆಂಟು ರೀ. ಗಿಡದ್ದು ಅಂತ ಇರೂವು ಹನ್ನೆರಡ.”

ಗಿಡ ಸತ್ತರೆ ಅಥವಾ ಮೋಸ ಮಾಡಿದರೆ ಗುಂಡಿಪಾಠ. ಅಂದರೆ ಆ ಮಗು ತನ್ನ ಗಿಡದ ಪಾತಿಯೊಳಗೆ ಗಿಡದಂತೆ ಕದಲದೆ ನಿಲ್ಲಬೇಕು. ಬಿಸಿಲಿನಲ್ಲಿ ಗಿಡಕ್ಕೆ ಹೇಗಾಗುತ್ತದೆಂದು ಮಗುವಿಗೆ ತಿಳಿಯಲಿ ಎಂಬುದು ಅದರ ಉದ್ದೇಶವೆಂದು ನಮಗೆ ಓದಿಸುತ್ತಿದ್ದರು. ಸಾಮಾನ್ಯವಾಗಿ ಅರ್ಧ ತಾಸು. ಆ ದಿನ ಪುರಸಭೆಯವರು ನೆರಳುಸಾಲು ನೋಡಲು ಬಂದಿದ್ದರು. ಟೀಚರ್ ಅವರೊಂದಿಗೆ ಕೋಣೆಯೊಳಗೆ ಕುಳಿತರು. ಹುಲಿಗೆಮ್ಮನನ್ನು ಏಳು ಗಂಟೆಗೆ ನಿಲ್ಲಿಸಿದ್ದರು. ಅದು ಉರಿಮಾಸದ ಹನ್ನೊಂದನೆಯ ದಿನ.

ನನ್ನ ಜಾಗ ಕಿಟಕಿಯ ಪಕ್ಕದಲ್ಲಿತ್ತು. ಮಣೆಯ ಇನ್ನರ್ಧ ಖಾಲಿ. ಎಂಟಾಯಿತು. ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು. ಎಂಟೂವರೆಗೆ ಕುತ್ತಿಗೆಯ ಪಟ್ಟಿ ಬಿಚ್ಚಿ ಬಾಯಿಗೆ ಇಟ್ಟುಕೊಂಡಳು, ಅದರಲ್ಲಿ ತೇವ ಉಳಿದಿರಲಾರದು. ಒಂಬತ್ತರ ಸುಮಾರಿಗೆ ಕುಳಿತಳು. ನಾನು ಎದ್ದು ಹೋಗಿ ಟೀಚರ್ ಕೋಣೆಯ ಬಾಗಿಲಲ್ಲಿ ನಿಂತೆ.

“ಟೀಚರ್, ಹುಲಿಗೆಮ್ಮ ಕುಂತಾಳ್ರೀ.”

ಅವರು ಮಾತಿನ ನಡುವೆ ನನ್ನ ಕಡೆ ಪೂರ್ತಿ ತಿರುಗಲೂ ಇಲ್ಲ. “ನಿಂದ್ರಸು, ಹೋಗು.”

ನಾನು ಹೋಗಿ ನಿಲ್ಲಿಸಿದೆ. ತೋಳು ಹಿಡಿದು ಎತ್ತಿದೆ. ಅವಳ ಮೈಯಲ್ಲಿ ಬೆವರಿರಲಿಲ್ಲ, ಕಾದ ಹೆಂಚಿನಂತೆ ಒಣಗಿತ್ತು.

“ನಿಂದ್ರಬೇಕಂತ,” ಅಂದೆ.

“ನೀರ ಐತೇನು?”

“ಇಲ್ಲ.”

ನನ್ನ ಹೆಗಲಿನ ಶೀಶೆಯಲ್ಲಿ ಎರಡು ಗುಟುಕು ಉಳಿನೀರಿತ್ತು. ಅದು ನನ್ನ ಗಿಡದ್ದು. ಅವಳು ಶೀಶೆ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ನಾನು ಆ ನೀರನ್ನು ನನ್ನ ಗಿಡಕ್ಕೆ ಹಾಕಿ ತರಗತಿಗೆ ಮರಳಿದೆ. ಹತ್ತಕ್ಕೆ ಗಂಟೆ ಬಾರಿಸಿ ಎಲ್ಲರೂ ಹೊರಗೆ ಬಂದಾಗ ಅವಳು ಪಾತಿಯೊಳಗೆ ಮುದುರಿ ಬಿದ್ದಿದ್ದಳು. ಆಸ್ಪತ್ರೆಗೆ ಒಯ್ದರು. ಹೊತ್ತು ಮುಳುಗುವ ಮುಂಚೆ ತೀರಿಕೊಂಡಳು. ಅವಳಿಗೆ ಆಗ ಒಂಬತ್ತು ವರ್ಷ.

ನಂತರ ನಡೆದದ್ದನ್ನು ಹೇಳುವುದು ಇನ್ನೂ ಕಷ್ಟ. ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು, ಸಾವಿಗೆ ಕಾರಣ ಬಿಸಿಲೆಂದು ಬರೆದರು. ಅವಳು ತನ್ನ ಕುಡಿಯುವ ನೀರನ್ನು ಗಿಡಕ್ಕೆ ಹಾಕುತ್ತಿದ್ದಳೆಂದು ನನ್ನ ಬಾಯಿಂದಲೇ ತಿಳಿದುಕೊಂಡಿದ್ದರಲ್ಲ, ಮರುವರ್ಷದ ಹೊತ್ತಿಗೆ ಅದೇ ಕತೆಯಾಯಿತು. ಗಿಡಕ್ಕಾಗಿ ಪ್ರಾಣ ಕೊಟ್ಟ ಬಾಲೆ. ಉರಿಮಾಸದ ಹನ್ನೊಂದನೆಯ ದಿನ ಹುಲಿಗೆಮ್ಮನ ದಿನವಾಯಿತು. ಮಕ್ಕಳು ಅವಳ ಮೇಲೆ ಹಾಡು ಕಟ್ಟಿ ಹಾಡಿದರು. ಶಾಲೆಯಲ್ಲಿ ತೂಗುಹಾಕಿದ ಚಿತ್ರದಲ್ಲಿ ಅವಳನ್ನು ಬೆಳ್ಳಗೆ, ದುಂಡಗೆ ಬರೆಸಿದ್ದರು. ಯಮನವ್ವನನ್ನು ಪ್ರತಿ ವರ್ಷ ಕರೆಸಿ ಎತ್ತರದ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಒಂದು ವರ್ಷ ಮಾತಾಡಿ ಎಂದು ಬಲವಂತ ಮಾಡಿದರು. ಅವಳು ಎದ್ದು ನಿಂತು, “ನನ್ನ ಮಗಳು ಗಿಡಕ್ಕ ಸತ್ತಿಲ್ರೀ. ನಿಲ್ಲು ಅಂದ್ರು, ನಿಂತ್ಲು. ಹೊರಗ ಬಾ ಅಂತ ಯಾರೂ ಅನ್ನಲಿಲ್ಲ,” ಎಂದು ಹೇಳಿ ಕುಳಿತಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ದೊಡ್ಡವಳಾದ ಮೇಲೆ ನಾನು ಯಮನವ್ವನ ಮನೆಗೆ ಹೋಗಿ ಬರತೊಡಗಿದೆ. ಅವಳ ಕಣ್ಣು ಮಂಜಾಗಿತ್ತು. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ, ನೀರು ತಂದಿಡುತ್ತಿದ್ದೆ. ಅವಳು ನನ್ನನ್ನು ಮಗಳ ಗೆಳತಿ ಎಂದೇ ನಾಲ್ಕು ಜನರಿಗೆ ಪರಿಚಯಿಸುತ್ತಿದ್ದಳು. ಟೀಚರಿಗೆ ಹೇಳಿದವಳು ನಾನೇ ಎಂಬ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ವರ್ಷಗಳನ್ನು ಕಳೆದೆ.

ನನಗೆ ಮೂವತ್ತೆಂಟು ವರ್ಷವಾದಾಗ ಶಾಲೆಯ ಹಿಂದೆ ಹೊಸ ಕೊಳವೆ ಹೂಳುವ ಕೆಲಸ ಬಂತು. ನೆರಳುಸಾಲಿನ ಪಶ್ಚಿಮದ ತುದಿಯಲ್ಲಿ ಮೂರಡಿ ಅಗೆಯುವಷ್ಟರಲ್ಲಿ ಗುದ್ದಲಿ ಹಳೆಯ ಕೊಳವೆಗೆ ತಾಗಿತು. ನೀರು ಶುದ್ಧಿ ಮಾಡುವ ಘಟಕ ಹೊರಗೆ ಬಿಡುವ ಕಡು ಉಪ್ಪುನೀರಿನ ಕೊಳವೆ ಅದು. ಕೀಲುಗಳೆಲ್ಲ ಬಾಯಿ ಬಿಟ್ಟಿದ್ದವು. ಸುತ್ತಲಿನ ಮಣ್ಣು ಬೆಳ್ಳಗೆ ಹರಳುಗಟ್ಟಿತ್ತು. ನಾಲಗೆಗೆ ಇಟ್ಟು ನೋಡಿದೆ, ಉಗುಳಿದೆ. ಆ ಉಪ್ಪು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆಯೆಂದು ಹೆಜ್ಜೆ ಹಾಕಿ ಅಳೆದೆ. ಐದು ಸಾಲಿನಲ್ಲೂ ಸ ಮತ್ತು ಹ ಅಕ್ಷರದ ಗಿಡಗಳ ಜಾಗವೇ ಅದು. ಅಲ್ಲಿ ಯಾವ ಮಗು ಎಷ್ಟು ನೀರು ಹಾಕಿದರೂ ಏನೂ ಬದುಕುವಂತಿರಲಿಲ್ಲ.

ಸರ್ವಮಂಗಳಾ ಟೀಚರ್ ಆಗ ಎಂಬತ್ತು ದಾಟಿದ್ದರು. ತಮ್ಮ ನೆರಳಿನ ಪಾಳಿಯಲ್ಲಿ ಕುಳಿತಿದ್ದರು. ಅಂಗೈಯಲ್ಲಿ ಆ ಮಣ್ಣು ಹಿಡಿದುಕೊಂಡು ಹೋಗಿ ಕೇಳಿದೆ.

“ಗೊತ್ತಿತ್ತು,” ಅಂದರು. “ನಾನ ಎರಡ ಸಲ ಪುರಸಭಾಕ್ಕ ಬರದಿದ್ದೆ. ಪೈಪ್ ರಿಪೇರಿ ಅಂತ ಘಟಕ ನಿಲ್ಲಿಸಿದ್ರ ಊರಿಗೆ ಹದಿನೈದ ದಿನ ನೀರಿಲ್ಲ ಅಂದ್ರು. ಸುಮ್ಮನಾದೆ.”

“ಸುಮ್ಮನಾದ್ರಿ, ಇರ್ಲಿ. ಹುಡುಗೂರನ್ನ ಯಾಕ ನಿಲ್ಲಿಸಿದ್ರಿ?”

ನನ್ನನ್ನು ನೋಯಿಸುವ ಉದ್ದೇಶ ಅವರಿಗಿರಲಿಲ್ಲ. ನಿಜವಾಗಿಯೂ ಉತ್ತರ ಹುಡುಕುತ್ತಿದ್ದರು.

“ಗಿಡ ಸತ್ರ ಯಾರರ ಒಬ್ಬರು ನಿಲ್ಲಬೇಕಲ್ಲವ್ವಾ. ದೊಡ್ಡವರು ನಿಲ್ಲತಿದ್ದಿಲ್ಲ. ಹುಡುಗೂರು ನಿಲ್ಲು ಅಂದ್ರ ನಿಲ್ಲತಾವ.”

ಕೊಳವೆಯನ್ನು ದುರಸ್ತಿ ಮಾಡಿದೆವು. ಅದಕ್ಕೆ ಹಿಡಿದದ್ದು ಎರಡು ದಿನ. ಊರಿನಲ್ಲಿ ಯಾರೂ ಒಂದು ಹೊತ್ತೂ ನೀರಿಲ್ಲದೆ ಇರಲಿಲ್ಲ.

ಆ ವಾರವೇ ನಾನು ಯಮನವ್ವನಿಗೆ ಎಲ್ಲವನ್ನೂ ಹೇಳಿದೆ. ಕೊಳವೆಯ ಸಂಗತಿ ಹೇಳಿದೆ. ದಾರ ಕಂಡದ್ದು, ಟೀಚರಿಗೆ ಹೇಳಿದ್ದು, ಕುಳಿತವಳನ್ನು ಎತ್ತಿ ನಿಲ್ಲಿಸಿದ್ದು, ಶೀಶೆಯಲ್ಲಿದ್ದ ಎರಡು ಗುಟುಕು, ಇವನ್ನೂ ಹೇಳಿದೆ. ಹೇಳಿದರೆ ಹಗುರಾಗುತ್ತದೆಂದು ಎಲ್ಲೋ ಓದಿದ್ದೆ. ಅವಳು ಹೊಲಿಗೆ ನಿಲ್ಲಿಸದೆ ಕೇಳಿದಳು. ಕೊನೆಗೆ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

“ಯಾರ ಹೇಳಿದ್ರು ಅಂತ ಇಷ್ಟ ವರ್ಷ ಒಬ್ಬೊಬ್ಬರ ಮಾರಿ ನೋಡೀನಿ,” ಅಂದಳು. “ನಿನ್ನ ಮಾರಿ ಒಂದ ನೋಡಿದ್ದಿಲ್ಲ.” ಕೌದಿ ಮಡಿಚಿಟ್ಟು, “ಹೋಗು. ಇನ್ನ ಈ ಮನಿಗೆ ಬರಬ್ಯಾಡ.”

ಮತ್ತೆ ಆ ಮನೆಗೆ ನಾನು ಹೋಗಲಿಲ್ಲ. ಅವಳಿಗೆ ನೀರು ತಂದಿಡಲು, ದಾರ ಪೋಣಿಸಲು ಬೇರೆ ಯಾರೂ ಇರಲಿಲ್ಲವೆಂಬುದು ಗೊತ್ತಿದ್ದೂ ಹೋಗಲಿಲ್ಲ. ಆರು ವರ್ಷದ ಮೇಲೆ ಅವಳು ತೀರಿಕೊಂಡಾಗ ಓಣಿಯ ತಿರುವಿನಲ್ಲಿ ನಿಂತು ನೋಡಿದೆ.

ಗುರುಗಳೇ, ಶಾಲೆ ಈಗಲೂ ನಡೆಯುತ್ತಿದೆ. ಹುಲಿಗೆಮ್ಮನ ಹಾಡನ್ನು ಮಕ್ಕಳು ಈಗಲೂ ಹಾಡುತ್ತಾರೆ. ಕೊಳವೆಯ ಬಗ್ಗೆ ಅದರಲ್ಲಿ ಒಂದು ಸಾಲು ಸೇರಿಸಿ ಎಂದು ನಾನು ಕೊಟ್ಟ ಅರ್ಜಿಗೆ, ಅದು ಮಕ್ಕಳ ಮನಸ್ಸನ್ನು ಕದಡುತ್ತದೆ ಎಂಬ ಉತ್ತರ ಬಂತು. ಇಲ್ಲಿನವರಿಗೆ ಹೇಳಿ ಸಾಕಾಗಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಗಿಡ ನೆಡಿಸಬೇಡಿ ಎನ್ನುವುದಿಲ್ಲ. ಮಕ್ಕಳು ಮಣ್ಣು ಮುಟ್ಟಲಿ, ನೀರು ಹಾಕಲಿ, ಚಿಗುರು ಬಂದರೆ ಕುಣಿಯಲಿ. ಒಂದೇ ಬೇಡಿಕೆ. ಗಿಡದ ಮುಂದೆ ಹೆಸರು ಬರೆದ ಹಲಗೆ ನೆಡುವುದಾದರೆ ಮಗುವಿನ ಹೆಸರು ಬರೆಯಬೇಡಿ. ಪುರಸಭೆಯ ಒಬ್ಬ ಸದಸ್ಯರದು ಬರೆಯಿರಿ, ಇಂಜಿನಿಯರದು ಬರೆಯಿರಿ, ನಿಮ್ಮದು ಬರೆಯಿರಿ. ಗಿಡ ಒಣಗಿದ ದಿನ ಆ ಹೆಸರಿನವರೇ ಬಂದು ಪಾತಿಯಲ್ಲಿ ನಿಲ್ಲಬೇಕೆಂದು ಊರಿನೆದುರು ಅವರಿಂದ ಮಾತು ತೆಗೆದುಕೊಳ್ಳಿ. ಆಮೇಲೆ ನೋಡಿ, ಗುದ್ದಲಿ ಎಷ್ಟು ಬೇಗ ಬರುತ್ತದೆ.

ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿ,
ದಾವಲಬಿ