ಗೋಡೆಯಾಚೆ ಕೇಳುತ್ತಿದ್ದ ಓದು

ಅಬ್ಬಾ,

ನೀವು ಹೋಗಿ ಎಂಟು ತಿಂಗಳಾಯಿತು. ಬನಹಟ್ಟಿಯ ನಮ್ಮ ಪಡಸಾಲೆಯಲ್ಲಿ ನೀವು ಹೇಳಿಕೊಡುತ್ತಿದ್ದ ಅರಬ್ಬಿ ಪಾಠವನ್ನು ಈಗ ನಾನು ನಡೆಸುತ್ತಿದ್ದೇನೆ. ಸಂಜೆಯ ಅಸರ್ ನಮಾಜಾದ ಮೇಲೆ ಮಕ್ಕಳು ಬರುತ್ತಾರೆ, ಹೋಗುತ್ತಾರೆ. ಆಮೇಲೆ ನಾನೊಬ್ಬಳೇ, ಜಗಳಕ್ಕೂ ಯಾರಿಲ್ಲ.

ಜಮಖಂಡಿಯಲ್ಲಿ ಬಿ.ಎಡ್. ಮುಗಿಸಿ ಬಂದ ದಿನ ನೆನಪಿದೆಯೇ? ಮಗು ತನ್ನ ಅನುಭವದಿಂದಲೇ ಅರಿವು ಕಟ್ಟಿಕೊಳ್ಳುತ್ತದೆ, ಧರ್ಮದ ಪಾಠಕ್ಕೂ ಬರೀ ಬಾಯಿಪಾಠ ಸಾಲದು ಎಂದೆ. ನೀವು ಮಗ್ಗದಿಂದ ಕಣ್ಣೆತ್ತಲಿಲ್ಲ.

“ಹಾಸಿನ ನೂಲ ಇಲ್ಲಂದ್ರ ಹೊಕ್ಕಿನ ನೂಲ ಎಲ್ಲಿ ನಿಂದರತೈತಿ? ಮೊದಲ ಬಾಯಿಗೆ ಬರಲಿ. ಅರ್ಥ ಹಿಂದಿಂದ ಬರತೈತಿ.”

“ಬರಲಿಲ್ಲಂದ್ರ?” ಎಂದೆ. ಮರುದಿನವೂ ನೀವು ಮಕ್ಕಳಿಂದ ಬಾಯಿಪಾಠವನ್ನೇ ಒಪ್ಪಿಸಿಕೊಂಡಿರಿ. ತಾಯಿಯಂತೆ ಮಗಳು ಎನ್ನುತ್ತಾರೆ, ನನಗೆ ಮಾತ್ರ ನಿಮ್ಮ ಹಟವೇ ಬಂತು.

ನೀವು ತೀರಿಹೋದ ನಲವತ್ತನೆಯ ದಿನ ಮುಗಿದ ಮೇಲೆ ಮಕ್ಕಳ ಆ ಒಕ್ಕೊರಲ ಜೋರು ಓದನ್ನು ನಿಲ್ಲಿಸಿಬಿಟ್ಟೆ. ಚಿಕ್ಕ ಗುಂಪು, ಮೆಲುದನಿ, ಪ್ರಶ್ನೆಗಳು. ನಿಮ್ಮನ್ನು ಗೆದ್ದೆ ಅಂದುಕೊಂಡೆ. ಗೆದ್ದು ಯಾರಿಗೆ ತೋರಿಸಲಿ…

ಕಳೆದ ವಾರ ನೆರೆಯವರ ಹಕ್ಕಿನ ಪಾಠವಿತ್ತು. ನಾನೇನೂ ಹೇಳಿಕೊಡಲಿಲ್ಲ. “ನಮ್ಮಿಂದ ಏನ ತ್ರಾಸ ಐತ್ರಿ ಅಂತ ಓಣ್ಯಾಗ ಕೇಳ್ಕೊಂಡ ಬರ್ರಿ” ಎಂದು ಕಳಿಸಿದೆ. ನಮ್ಮ ಬಚ್ಚಲ ನೀರು ಬಾಗಿಲಿಗೆ ಬರುತ್ತದೆ ಎಂದರು ಎದುರು ಮನೆಯವರು. ಗೋಡೆಯಾಚೆಯ ಕುರುಡಿ ನೀಲವ್ವ ಮಾತ್ರ ಪಾಠಕ್ಕೆ ಬರುವ ಹುಡುಗಿ ರೇಷ್ಮಾಳ ಕೈ ಹಿಡಿದು ಹೇಳಿದಳಂತೆ:

“ನಿಮ್ಮ ಓದ ಕೇಳಿದ್ರ ಮನ್ಯಾಗ ಮಂದಿ ಇದ್ದಂಗ ಆಕ್ಕಿತ್ತವಾ. ಓದ ಕಲಸೋ ಹಜರತರು ಹೋದ್ರು, ನೀವೂ ಸುಮ್ಮನಾದ್ರಿ. ಅದ ತ್ರಾಸ.”

ನನಗೆ ನಾಚಿಕೆಯಾಯಿತು. ಒಂದೇ ಗೋಡೆಯಾಚೆ ಇರುವ ಮುದುಕಿಯನ್ನು ನಾನು ಅಷ್ಟು ದಿನ ಮಾತಾಡಿಸಿರಲಿಲ್ಲ. ಮಕ್ಕಳು ನನ್ನನ್ನು ಕೇಳಲೂ ಇಲ್ಲ. ಚಾಪೆಯನ್ನು ಗೋಡೆಯ ಹತ್ತಿರ ಎಳೆದುಕೊಂಡು, ನಿಮ್ಮ ಕಾಲದಲ್ಲಿ ಓದುತ್ತಿದ್ದಂತೆಯೇ ಜೋರಾಗಿ ಓದತೊಡಗಿದರು. ಓದು ಮುಗಿದ ಮೇಲೆ, ಅದರ ಅರ್ಥವನ್ನು ನೀಲವ್ವನಿಗೆ ಕನ್ನಡದಲ್ಲಿ ಹೇಳಿ ಬರಬೇಕೆಂದು ತಾವೇ ಗೊತ್ತುಮಾಡಿಕೊಂಡರು. ಅದನ್ನು ನೀವೂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ.

ನಿನ್ನೆ ಅವರ ಜೊತೆ ನಾನೂ ಹೋದೆ. ನೀಲವ್ವ ನನ್ನ ದನಿ ಕೇಳಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ನಿಮ್ಮಪ್ಪ ನಮ್ಮ ಕಟ್ಟಿಮ್ಯಾಲ ಕುಂತು ಹೇಳ್ತಿದ್ರು. ನನ್ನ ಮಗಳ ಹೇಳೂದು ಖರೆ ಐತಿ, ಆದ್ರ ಆಕಿ ಮುಂದ ನಾ ಒಪ್ಪಂಗಿಲ್ಲ ಅಂತ.”

ಅಷ್ಟನ್ನು ನನಗೇ ಹೇಳಿದ್ದರೆ ಏನಾಗುತ್ತಿತ್ತು, ಅಬ್ಬಾ? ಅರ್ಥ ಹಿಂದಿಂದ ಬರತೈತಿ ಎಂಬ ನಿಮ್ಮ ಮಾತೂ ಖರೆಯಾಗಿತ್ತು. ನಾನೂ ನಿಮ್ಮ ಮುಂದೆ ಒಪ್ಪಿರಲಿಲ್ಲ. ಈಗ ಒಪ್ಪುತ್ತೇನೆ, ನೀವು ಮುಂದೆ ಇಲ್ಲ.

ನಿಮ್ಮ ಮಗಳು