ಬಸಿದ ನೀರನ್ನು ಚೆಲ್ಲಬೇಕೆಂದು ಯಾರೂ ಹೇಳಲಿಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ಮೊನ್ನೆ ಕಿಡ್ನಿ ಜಾಗೃತಿ ಸಭೆಯಲ್ಲಿ ಹಾರ ಹಾಕಿಸಿಕೊಂಡು, ಮೈಕ್ ಹಿಡಿದು, "ಈ ಭಾಗದ ರೋಗಿಗಳಿಗೆ ತಿಳಿವಳಿಕೆಯೇ ಇಲ್ಲ, ಹೇಳಿದ್ದನ್ನು ಪಾಲಿಸುವುದಿಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ಹಿಂದಿನ ಸಾಲಿನಲ್ಲಿ ನನ್ನ ಅಣ್ಣ ಮಾರಣ್ಣ ಕುಳಿತಿದ್ದ. ಅವನು ಕಿಡ್ನಿ ರೋಗಿ. ನಿಮ್ಮ ಮಾತು ಕೇಳಿ ತಲೆ ತಗ್ಗಿಸಿದ. ಪಕ್ಕದಲ್ಲಿದ್ದ ನಾನು ತಗ್ಗಿಸಲಿಲ್ಲ, ಈಗಲೂ ತಗ್ಗಿಸುವುದಿಲ್ಲ. ನಿಮ್ಮ ಮಾತು ಶುದ್ಧ ಸುಳ್ಳು ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಮ್ಮದು ತಾಳ್ಯದ ಕಡೆ ಕುರಿ ಸಾಕುವ ಮನೆತನ. ಅಣ್ಣ ಇವತ್ತಿಗೂ ಕುರಿ ಹಿಂದೆ ಅಲೆಯುವವನು. ಬಹಳ ದಿನದ ಬಿ.ಪಿ. ಅವನ ಕಿಡ್ನಿಯನ್ನು ಒಳಗೊಳಗೇ ತಿಂದಿತ್ತು. "ಪಥ್ಯ ಸರಿಯಾಗಿ ಮಾಡಿದರೆ ಡಯಾಲಿಸಿಸ್ ಅನ್ನು ವರ್ಷಗಟ್ಟಲೆ ಮುಂದೂಡಬಹುದು" ಎಂದರು ಇಲ್ಲಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಪಥ್ಯ ಏನು ಎಂದು ಕೇಳಿದ್ದಕ್ಕೆ ನಿಮ್ಮ ಇಲಾಖೆಯ ಕರಪತ್ರ ಕೈಗಿಟ್ಟರು. "ಪೊಟ್ಯಾಸಿಯಂಯುಕ್ತ ಆಹಾರವನ್ನು ವರ್ಜಿಸತಕ್ಕದ್ದು" ಎಂದಿತ್ತು ಅದರಲ್ಲಿ. ಪೊಟ್ಯಾಸಿಯಂ ಅನ್ನು ಯಾವ ಸಂತೆಯಲ್ಲಿ ಮಾರುತ್ತಾರೆ, ಸ್ವಾಮಿ? ಸೇರಿನ ಲೆಕ್ಕವೋ, ಕಟ್ಟಿನ ಲೆಕ್ಕವೋ? ಅದು ಸೊಪ್ಪಿನಲ್ಲೂ ಕಾಳಿನಲ್ಲೂ ಇರುತ್ತದೆ ಎಂದು ಬರೆಯಲು ನಿಮ್ಮ ಶಾಯಿ ಮುಗಿದಿತ್ತೇ?

ನಾವೇ ಮತ್ತೆ ಆಸ್ಪತ್ರೆಗೆ ಹೋಗಿ ಕೇಳಿದೆವು. ಅಲ್ಲಿದ್ದ ಸಿಬ್ಬಂದಿ ತಲೆ ಎತ್ತದೆ, "ಸೊಪ್ಪು, ಕಾಳು ಬೇಯಿಸಿ ನೀರು ಬಸೀಬೇಕು. ನೆಕ್ಸ್ಟ್!" ಎಂದರು. ಅತ್ತಿಗೆ ಬೊಮ್ಮಕ್ಕ ಅದನ್ನು ವ್ರತದ ಹಾಗೆ ಹಿಡಿದಳು. ದಿನಾ ಸೊಪ್ಪು ಬೇಯಿಸಿದಳು, ಒಂದು ಹನಿ ಉಳಿಯದಂತೆ ಬಸಿದಳು. ಆ ಬಸಿದ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಿ, ಮುದ್ದೆಯ ಜೊತೆ ಗಂಡನಿಗೆ ಬಡಿಸಿದಳು. ಇನ್ನೇನು ಮಾಡಬೇಕಿತ್ತು? ನಮ್ಮ ಸೀಮೆಯಲ್ಲಿ ಸೊಪ್ಪು ಬಸಿಯುವುದೇ ಸಾರಿಗಾಗಿ. ಆ ನೀರನ್ನು ಬಚ್ಚಲಿಗೆ ಚೆಲ್ಲುವ ಹೆಂಗಸನ್ನು ಅತ್ತೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆಯೇ? ಕಿಡ್ನಿಗೆ ಆಗದ ಪೊಟ್ಯಾಸಿಯಂ ಬಹುಪಾಲು ಆ ನೀರಿಗೇ ಇಳಿದಿರುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು?

ಒಂದು ಬೆಳಿಗ್ಗೆ ಕುರಿಹಟ್ಟಿಯ ಬಾಗಿಲಲ್ಲೇ ಅಣ್ಣ ಕುಸಿದು ಬಿದ್ದ. ಕೈಕಾಲು ಸೋತಿದ್ದವು, ಎದೆ ಬಡಿತ ತಪ್ಪಿತ್ತು. ಆಟೊದಲ್ಲಿ ಹಾಕಿಕೊಂಡು ದುರ್ಗದ ಜಿಲ್ಲಾಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಅತ್ತಿಗೆಯನ್ನು ಕೇಳಿದರು.

"ಸೊಪ್ಪಿನ ನೀರು ಬಸೀತಿದ್ದೀರೇನಮ್ಮ?"

"ದಿನಾ ಬಸೀತೀನ್ರಿ ಸಾರ್. ಒಂದಿನಾನೂ ತಪ್ಸಿಲ್ಲ."

"ಬಸಿದ ನೀರು ಏನ್ ಮಾಡ್ತೀರಿ?"

"ಸಾರು ಮಾಡ್ತೀನ್ರಿ. ಇನ್ನೇನ್ ಮಾಡ್ತಾರೆ?"

ಡಾಕ್ಟರು ನಗಲಿಲ್ಲ, ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಆ ನೀರನ್ನು ಏಕೆ ಚೆಲ್ಲಬೇಕೆಂದು ಅವಳಿಗೆ ಬಿಡಿಸಿ ಹೇಳಿದರು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಉಳಿದ ಪಥ್ಯವನ್ನೂ ಅವರನ್ನೇ ಕೇಳೋಣವೆಂದರೆ, ಆ ಪುಣ್ಯಾತ್ಮರು ಅಂದೇ ವರ್ಗವಾಗಿ ಹೊರಟಿದ್ದರು. ಅಣ್ಣ ಬದುಕಿದ. ಆದರೆ ಅತ್ತಿಗೆ, "ನನ್ ಕೈಯಾರೆ ನನ್ ಗಂಡಗೆ ವಿಷ ಉಣ್ಸಿದ್ನಲ್ಲೇ ಹೇಮಾ" ಎಂದು ಕಾರಿಡಾರಿನಲ್ಲಿ ಗೋಡೆಗೆ ತಲೆ ಚಚ್ಚಿಕೊಂಡಳು. ಅದನ್ನು ಕಂಡಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಇಡೀ ತರಗತಿ ಫೇಲಾದರೆ ಸರ್ಕಾರ ನೋಟಿಸು ಕೊಡುವುದು ನನಗೆ, ಮಕ್ಕಳಿಗಲ್ಲ. ನಿಮ್ಮ ಇಲಾಖೆಯಲ್ಲಿ ಮಾತ್ರ ಪಾಠ ಹೇಳದೆಯೇ ಪರೀಕ್ಷೆ, ಫೇಲಾದ ರೋಗಿಗೇ ಛೀಮಾರಿ. ಬೊಮ್ಮಕ್ಕ ಹೇಳಿದ್ದನ್ನು ಪಾಲಿಸಲಿಲ್ಲವೇ? ಚಾಚೂ ತಪ್ಪದೆ ಪಾಲಿಸಿದಳು. ನೀವು ಹೇಳಿದ್ದೇ ಅರ್ಧ.

ಈಗ ಅಣ್ಣನಿಗೆ ಅನ್ನ ಕಂಡರೆ ಹೆದರಿಕೆ. "ಏನ್ ತಿಂದ್ರೆ ಸಾಯ್ತೀನೋ, ಏನ್ ತಿಂದ್ರೆ ಉಳೀತೀನೋ, ಒಂದೂ ಗೊತ್ತಾಗಂಗಿಲ್ಲ. ಸುಮ್ಕೆ ಬಿಟ್ಬಿಡ್ರಿ ನನ್ನ" ಎನ್ನುತ್ತಾನೆ. ಬರೀ ಗಂಜಿ ಕುಡಿದು ಕಡ್ಡಿಯಾಗಿದ್ದಾನೆ. ಮಾತ್ರೆಯಿಂದ ಕಿಡ್ನಿ ಕೆಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬಿ.ಪಿ. ಮಾತ್ರೆಯನ್ನೂ ಬಿಟ್ಟಿದ್ದ. ಗದರಿಸಿ ನುಂಗಿಸುತ್ತಿದ್ದೇನೆ. ಹೀಗೇ ಆದರೆ ಕಾಯಿಲೆಗಿಂತ ಮೊದಲು ಭಯವೇ ಅವನನ್ನು ಮುಗಿಸುತ್ತದೆ.

ನಮಗೆ ಇನ್ನೊಂದು ಸಭೆ ಬೇಡ, ಬ್ಯಾನರ್ ಬೇಡ, ನಿಮ್ಮ ಭಾಷಣವಂತೂ ಬೇಡವೇ ಬೇಡ. ಕಿಡ್ನಿ ರೋಗಿ ಬರುವ ಪ್ರತಿ ಆಸ್ಪತ್ರೆಯಲ್ಲೂ ನಮ್ಮ ಅಡುಗೆ ಬಲ್ಲ ಒಬ್ಬರನ್ನು ಕೂರಿಸಿ. ಅವರು ರೋಗಿಯ ಜೊತೆಗೆ ಮನೆಯಲ್ಲಿ ಒಲೆ ಹಚ್ಚುವವರನ್ನೂ ಕರೆದು, ಏನು ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದು ಮೊದಲು ಕೇಳಲಿ, ಆಮೇಲೆ ಹೇಳಲಿ. ಇದು ನಾವು ಬೇಡುವ ಭಿಕ್ಷೆಯಲ್ಲ, ನಿಮ್ಮ ಕೆಲಸ.

ಈ ತಿಂಗಳು ಮುಗಿಯುವುದರೊಳಗೆ ಇದು ಆಗದಿದ್ದರೆ, ಅಣ್ಣ ಅತ್ತಿಗೆಯನ್ನು ಕರೆದುಕೊಂಡು ನಾನೇ ನಿಮ್ಮ ಕಚೇರಿಗೆ ಬರುತ್ತೇನೆ. ಮನೆಯಲ್ಲಿ ಅಂದು ಮಾಡಿದ್ದನ್ನೆಲ್ಲ ಅತ್ತಿಗೆ ಬುತ್ತಿ ಕಟ್ಟಿ ತರುತ್ತಾಳೆ. ಅದನ್ನು ನಿಮ್ಮ ಮೇಜಿನ ಮೇಲೆ ಬಿಚ್ಚಿಡುತ್ತೇವೆ. ಯಾವುದನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ನೀವೇ ಬೆರಳಿಟ್ಟು ತೋರಿಸಿ. ನೀವು ತೋರಿಸುವ ತನಕ ಅಣ್ಣ ತುತ್ತು ಎತ್ತುವುದಿಲ್ಲ, ನಾವು ಅಲ್ಲಿಂದ ಏಳುವುದಿಲ್ಲ.

ಇಂತಿ,
ವಿಧೇಯಳಾಗಿದ್ದು ಸಾಕಾದ
ಹೇಮಾವತಿ, ತಾಳ್ಯ