ದೊಡ್ಡಮ್ಮನ ತೆಂಗು, ದೇಶದ ನಿಲುವು

ಜನವರಿ 9, ಗುರುವಾರ. ಅರಸೀಕೆರೆ

ಇವತ್ತೂ ಆಫೀಸಿನಲ್ಲಿ ಅದೇ ಅಣಕು ಸಭೆಯ ಅಭ್ಯಾಸ. ನಾನು ಭಾರತ, ಶರಚ್ಚಂದ್ರ ಸರ್ ಎದುರು ದೇಶ. ಮಾರ್ಚ್‌ನಲ್ಲಿ ರೋಮ್‌ನಲ್ಲಿ ಸಸ್ಯ ಸಂರಕ್ಷಣೆಯ ಸಭೆ. ನಿಯೋಗವನ್ನು ತಯಾರು ಮಾಡುವ ಹೊಣೆ ಸರ್‌ದು. ತೆಂಗಿನ ವಿಷಯಕ್ಕೆ ಒಂದೇ ಸೀಟು. ನನಗೆ ಸಿಗಬಹುದು.

ನಮ್ಮ ನಿಲುವು ಓದಿದೆ: ತೆಂಗಿನ ಸುಳಿ ತಿನ್ನುವ ಹೊರದೇಶದ ದುಂಬಿ ಕಂಡ ತೋಟವನ್ನು ಆಯಾ ದೇಶ ಕೂಡಲೇ ಕಡಿದು ಸುಡಬೇಕು. ಇಲ್ಲದಿದ್ದರೆ ಅಲ್ಲಿಯ ಸಸಿ ಇಲ್ಲಿಗೆ ಬರುವಂತಿಲ್ಲ. ನಿಮ್ಮಲ್ಲೇ ಬಂದರೆ ಕಡಿಯುತ್ತೀರಾ ಎಂದು ಸರ್ ಕೇಳಿದರು. ಕಡಿಯುತ್ತೇವೆ ಎಂದೆ. ಕಡಿದು ತೋರಿಸಿದ್ದೀರಾ? ಫೈಲಿನ ಹಾಳೆ ತಿರುವಿದೆ.

"ಹೀಗೆ ಬಾಯಿ ಬಿಟ್ಕೊಂಡು ಕೂತ್ರೆ ಅಲ್ಲಿ ನಗ್ತಾರೆ, ನಯನಾ." ಎಲ್ಲರ ಮುಂದೆ. ಜೊತೆಯ ಅಧಿಕಾರಿ ಅರುಣ್‌ಕುಮಾರ್ ತಲೆ ತಗ್ಗಿಸಿ ನಕ್ಕ. ಅವನಿಗೂ ಅದೇ ಸೀಟಿನ ಮೇಲೆ ಕಣ್ಣು.

ಜನವರಿ 18

ಕೀಟದ ಸರ್ವೆಗೆ ಬಾಣಾವರದ ಕಡೆ. ಊಟಕ್ಕೆ ದೊಡ್ಡಮ್ಮನ ಮನೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ದ್ಯಾವಮ್ಮ ದೊಡ್ಡಮ್ಮ. ಮಕ್ಕಳಿಲ್ಲ, ಗಂಡ ಇಲ್ಲ. ತೆಂಗಿನ ತೋಟವೇ ಎಲ್ಲ.

ಊಟವಾದ ಮೇಲೆ ಸುಮ್ಮನೆ ಒಂದು ಎಳೆ ಗಿಡದ ಸುಳಿ ಬಿಡಿಸಿದೆ. ಕಂದು ಗೆರೆಗಳು. ಒಳಗೆ ಚಪ್ಪಟೆ ದುಂಬಿ. ಹೊರದೇಶದ್ದೂ ಹೀಗೇ ಇರುತ್ತದೆ, ಹೆಚ್ಚು ಹಾನಿ ಮಾಡದ ನಮ್ಮ ಊರಿನದೂ ಹೀಗೇ ಇರುತ್ತದೆ. ಲ್ಯಾಬ್‌ನಲ್ಲಿ ನೋಡದೆ ಹೇಳಲಾಗದು. ಸ್ಯಾಂಪಲನ್ನು ಬೆಂಗಳೂರಿನ ಲ್ಯಾಬ್‌ಗೆ, ಅಲ್ಲಿಯ ಗೆಳತಿ ರಮಾಗೆ ಕಳಿಸಿದೆ. ಫೋಟೋ ಆಫೀಸಿನ ಗ್ರೂಪ್‌ಗೆ ಹಾಕಿದೆ. ಹಾಕಬಾರದಿತ್ತು...

ಜನವರಿ 20

ಸರ್ ಕರೆದರು. ಯಾರ ತೋಟ ಎಂದರು. ಹೇಳಿದೆ. ಮುಖ ಅರಳಿತು.

"ಒಳ್ಳೇದೇ ಆಯ್ತಲ್ಲ. ನಿಮ್ಮ ಮಾತು ಕೇಳ್ತಾರೆ."

ಮರ ಕಡಿದು ಸುಡುವುದನ್ನು ವಿಡಿಯೋ ಮಾಡಬೇಕಂತೆ. ಮುಂದಿನ ತಿಂಗಳು ಬೇಲೂರಿನಲ್ಲಿ ನೆರೆದೇಶದವರ ಜೊತೆ ಪೂರ್ವಸಿದ್ಧತಾ ಸಭೆ, ಅಲ್ಲಿ ತೋರಿಸಬೇಕಂತೆ. ರಿಪೋರ್ಟ್ ಬರಲಿ ಸರ್ ಎಂದೆ. ಅಷ್ಟರಲ್ಲಿ ಸೀಟು ಅರುಣ್‌ಕುಮಾರ್‌ಗೆ ಹೋಗಿರುತ್ತದೆ ಎಂದರು.

ಆಯ್ತು ಸರ್ ಎಂದೆ. ಯೋಚಿಸಲು ಟೈಮ್ ಕೂಡ ಕೇಳಲಿಲ್ಲ.

ಜನವರಿ 22

ದೊಡ್ಡಮ್ಮ ಕಾಯಿ ಸುಲಿಯುತ್ತಿದ್ದಳು. ಇದು ಹೊರದೇಶದ ದುಂಬಿ, ಎಲ್ಲ ಮರ ಕಡಿಯಬೇಕು ಎಂದು ಹೇಳಿದೆ. ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದಳು. ಆಮೇಲೆ —

"ಖಂಡಿತವೇನೇ ಮಗ?"

"ಹೂಂ."

"ಪಕ್ಕದ ಕೆಂಚಪ್ಪನ ತ್ವಾಟಕ್ಕೂ ಹತ್ತತೈತಾ?"

"ಹತ್ತುತ್ತೆ ದೊಡ್ಡಮ್ಮ."

"ಹಂಗಾರೆ ಕಡ್ಸು. ನನ್ನಿಂದ ಊರು ಹಾಳಾಯ್ತು ಅನ್ನಿಸ್ಕೊಳಾದು ಬ್ಯಾಡ."

ಊಟ ಮಾಡಿಕೊಂಡು ಹೋಗು ಎಂದಳು. ಮಾಡಿದೆ. ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಜನವರಿ 24

ಕಡಿದರು. ಎಳೆಯವು, ಫಲ ಬಿಡುವವು, ದೊಡ್ಡಪ್ಪ ನೆಟ್ಟ ಮುದಿ ಮರಗಳು — ಎಲ್ಲ. ಎಳನೀರನ್ನಾದರೂ ಇಳಿಸಿ ಆಳುಗಳಿಗೆ ಕೊಡಲಾ ಎಂದು ದೊಡ್ಡಮ್ಮ ಕೇಳಿದಳು. ಗೊನೆ ಸಮೇತ ಬಿದ್ದರೆ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ ಎಂದರು ಸರ್.

ಬೆಂಕಿ ಹಚ್ಚಿದಾಗ ಅತ್ತಳು. ಕ್ಯಾಮೆರಾದವನು ಆಗ ಬ್ಯಾಟರಿ ಬದಲಿಸುತ್ತಿದ್ದ. ಇನ್ನೊಂದು ಸಲ ಹಾಗೇ ನಿಲ್ಲಲು ಹೇಳಿ ಎಂದು ಸರ್ ನನಗೆ ಹೇಳಿದರು. ನಾನು ಹೋಗಿ ಹೇಳಿದೆ. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಹೊಗೆಯ ಹತ್ತಿರ ಹೋಗಿ ನಿಂತಳು. ಸರಿಯಾಗಿ ನಿಂತೆನಾ ಎನ್ನುವಂತೆ ನನ್ನನ್ನೇ ನೋಡಿದಳು.

ಫೆಬ್ರವರಿ 3

ರಮಾ ಫೋನ್. ನಮ್ಮ ಊರಿನ ದುಂಬಿಯೇ. ಹೊರದೇಶದ್ದಲ್ಲ. ಔಷಧಿ ಹೊಡೆದಿದ್ದರೆ ಸಾಕಿತ್ತು.

ಸರ್‌ಗೆ ಹೇಳಿದೆ. ಬಾಗಿಲು ಹಾಕಲು ಹೇಳಿದರು. "ಮರ ಎದ್ದು ನಿಲ್ಲುತ್ತಾ? ಇಲ್ಲ. ಮತ್ತೆ ಯಾಕೆ ಆ ಯಮ್ಮನ ಮನಸ್ಸು ಕೆಡಿಸ್ತೀರಿ?"

ಹೌದಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೇ ಹೇಸಿಗೆ.

ಫೆಬ್ರವರಿ 19. ಬೇಲೂರು

ಹೋಟೆಲಿನ ಹಾಲ್ ತುಂಬ ಜನ. ವಿಡಿಯೋ ಆಯಿತು. ಆಮೇಲೆ ಸರ್ ದೊಡ್ಡಮ್ಮನನ್ನೇ ವೇದಿಕೆಗೆ ಕರೆಸಿದರು — ನನಗೆ ಮೊದಲೇ ಹೇಳಿರಲಿಲ್ಲ. ಶಾಲು, ಹಾರ, ಫಲತಾಂಬೂಲ. ಹೊಸ ಸೀರೆ ಉಟ್ಟು ಬಂದಿದ್ದಳು. ನಾನು ದುಭಾಷಿ.

ನೆರೆದೇಶದ ಒಬ್ಬ ಹೆಂಗಸು ಎದ್ದು ಇಂಗ್ಲಿಷಿನಲ್ಲಿ ಕೇಳಿದಳು: ಕಡಿಯುವ ಮೊದಲು ಪರೀಕ್ಷೆಯ ಫಲಿತಾಂಶ ನಿಮಗೆ ತೋರಿಸಿದರಾ? ಸರ್ ನನ್ನ ಕಡೆ ನೋಡಲೇ ಇಲ್ಲ. ನೀರು ಕುಡಿಯುತ್ತಿದ್ದರು.

"ಮರ ಹೋಗಿದ್ದಕ್ಕೆ ಬೇಜಾರಿದೆಯಾ ಅಂತ ಕೇಳ್ತಿದಾರೆ, ದೊಡ್ಡಮ್ಮ."

"ಬ್ಯಾಸರ ಇಲ್ದೆ ಇರ್ತೈತಾ? ನಮ್ಮ ಹುಡುಗಿ ಹೇಳಿದ್ಲು, ಕಡ್ಸಿದೆ. ಅವಳು ಸುಳ್ಳು ಹೇಳೋಳಲ್ಲ."

ತೋರಿಸಿದರು, ನೋಡಿದ ಮೇಲೇ ಒಪ್ಪಿದೆ ಎನ್ನುತ್ತಿದ್ದಾರೆ — ಇಂಗ್ಲಿಷಿನಲ್ಲಿ ನಾನು. ಚಪ್ಪಾಳೆ. ದೊಡ್ಡಮ್ಮ ಕೈ ಮುಗಿದಳು.

ಸಂಜೆ ಅತಿಥಿಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋದರು. ದೊಡ್ಡಮ್ಮನನ್ನೂ. ಆ ಹೆಂಗಸು ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದಳು. ನಾನು ಕೆರೆ ಏರಿಯ ಕಡೆ ಹೋಗಿ ನಿಂತೆ. ಮತ್ತೇನಾದರೂ ಕೇಳಿಬಿಟ್ಟಾಳು ಎಂದು.

ಫೆಬ್ರವರಿ 21

ಸೀಟು ನನಗೆ.

ಮಾರ್ಚ್ 13. ಬೆಳಿಗ್ಗೆ

ಸೂಟ್‌ಕೇಸ್ ಕಟ್ಟುವಾಗ ದೊಡ್ಡಮ್ಮನ ಫೋನ್. ಕೆಂಚಪ್ಪನ ತೋಟದಲ್ಲೂ ದುಂಬಿ ಕಂಡಿದೆಯಂತೆ. ಅಧಿಕಾರಿಗಳನ್ನು ಕೇಳೋಣ ಎಂದನಂತೆ ಅವನು.

"ನಾನೇ ಅಂದೆ, ತಡ ಮಾಡಬ್ಯಾಡ ಕಣಪ್ಪ ಅಂತ. ನೀನು ದೂರ ಹೊಂಟೋಳು, ನಿಂಗ್ಯಾಕೆ ತೊಂದ್ರೆ ಕೊಡಾದು. ಆಳು ಬಂದವ್ರೆ. ನಾನೂ ಅಲ್ಲೇ ನಿಂತಿವ್ನಿ. ಸರಿ ತಾನೆ ಮಗ?"

ಹಿಂದಿನಿಂದ ಗರಗಸದ ಮೆಷಿನ್ ಸದ್ದು. ಆಮೇಲೆ ಮಾಡ್ತೀನಿ ಎಂದು ಇಟ್ಟೆ.

ಏರ್‌ಪೋರ್ಟ್‌ಗೆ ಹೋಗುವ ಕಾರು ಬಂದಿದೆ. ಸರ್ ಒಳಗೆ ಕೂತಿದ್ದಾರೆ. ಎರಡು ಸಲ ಹಾರ್ನ್ ಆಯಿತು. ಫೋನ್ ಕೈಯಲ್ಲೇ ಇದೆ. ನಿಲ್ಲಿಸಿ ಎಂದರೆ ಸಾಕು. ಆದರೆ ನಿಲ್ಲಿಸಿ ಎಂದರೆ ದೊಡ್ಡಮ್ಮ ಕೇಳುತ್ತಾಳೆ, ಹಂಗಾರೆ ನಂದು ಯಾಕೆ ಕಡ್ಸಿದೆ ಮಗ ಅಂತ.